ಬಾಲ ಕಳೆದುಕೊಂಡ ಮ್ಯೂ

ಎಂ.ಎಸ್ಸಿ. ಪ್ರಬಂಧಕ್ಕಾಗಿ ನಾನು ಕಾಣಿಯೂರಿನ ಆಸುಪಾಸಿನ ಬಾವಿಗಳ ನೀರನ್ನು ಪರೀಕ್ಷಿಸಿದ್ದೆ. ತೋಟಕ್ಕೆ ಹೊಡೆಯುವ ಮೈಲುತುತ್ತಿನ ತಾಮ್ರ ನೀರಿಗೆ ಸೇರುತ್ತದೆಯೇ ಎಂಬುದು ಪ್ರಶ್ನೆ. ದೊಡ್ಡಪ್ಪನ ಬಾವಿಯೂ ಅದರಲ್ಲಿತ್ತು. ನೆರೆಯ ಮೂರು ಮನೆಯವರು ಕುಡಿಯುವ ನೀರನ್ನು ಅಲ್ಲಿಂದಲೇ ಒಯ್ಯುತ್ತಾರೆ. ಏನೂ ತೊಂದರೆಯಿಲ್ಲ ಎಂದು ನಾನು ಹೇಳಿದ್ದೆ. ದೊಡ್ಡಪ್ಪ ಅದನ್ನು ಅವರಿಗೆಲ್ಲ ಹೇಳಿಯಾಗಿತ್ತು.

ಪ್ರಬಂಧವನ್ನು ಮುದ್ರಿಸಲು ಪುತ್ತೂರಿಗೆ ಹೋದ ದಿನ ದೊಡ್ಡಪ್ಪನೂ ಜೊತೆಗಿದ್ದರು. ಡಿಟಿಪಿ ಅಂಗಡಿಯ ಅಕ್ಕ ಮೊದಲ ಪ್ರತಿ ಕೊಟ್ಟದ್ದೇ ಕನ್ನಡಕ ಹಾಕಿಕೊಂಡು ತಮ್ಮ ಬಾವಿಯನ್ನು ಹುಡುಕಿದರು.

"ಇದೆಂತ ಮಗಾ, ಲೀಟರಿಗೆ ಹದಿನೆಂಟು ಮಿಲಿಗ್ರಾಂ ತಾಮ್ರ ಉಂಟಲ್ಲ? ಎರಡು ದಾಟಬಾರದು ಅಂತ ಕೆಳಗೆ ನೀನೇ ಬರೆದಿದ್ದಿ."

ಹಾಳೆ ಇಸಿದುಕೊಂಡು ನೋಡಿದೆ. ಅವರು ಓದಿದ್ದು ಸರಿಯಾಗಿತ್ತು. ಪ್ರಯೋಗಾಲಯದಲ್ಲಿ ನಾನೇ ಲೆಕ್ಕ ತಪ್ಪಿದೆನೇ?

"ಬೆಳಿಗ್ಗೆ ಕೂಡ ಆಚೆಮನೆಯವರು ಎರಡು ಕೊಡ ಕೊಂಡುಹೋದ್ರು," ಎಂದರು ದೊಡ್ಡಪ್ಪ, ಮೆಲ್ಲಗೆ.

ಪುಟ ತಿರುವಿದೆ. ಗ್ರೀಕ್ ಅಕ್ಷರ ಆಲ್ಫಾ ಇರಬೇಕಾದಲ್ಲೆಲ್ಲ ಬರಿಯ 'a' ಕೂತಿತ್ತು. ಆಗ ಉಸಿರು ಬಂತು.

"ಅಕ್ಕಾ, ಫಾಂಟ್ ಬದಲಾಯಿಸಿದ್ದೀರಾ?"

"ಹೌದು, ಎಲ್ಲ ಒಂದೇ ಫಾಂಟ್ ಇರ್ಬೇಕು ಅಂತ ಕಾಲೇಜಿನವರ ರೂಲ್ಸ್ ಅಲ್ವಾ? ಪೂರ್ತಿ ಸೆಲೆಕ್ಟ್ ಮಾಡಿ ಒಂದೇ ಸಲಕ್ಕೆ ಮಾಡಿಬಿಟ್ಟೆ."

ಮೈಕ್ರೋ ಚಿಹ್ನೆಗೆ ನಾನು 'm' ಒತ್ತಿ ಸಿಂಬಲ್ ಫಾಂಟ್ ಹಾಕುತ್ತಿದ್ದೆ. ಕಣ್ಣಿಗೆ ಅದು ಎಡಗಡೆ ಬಾಲವಿರುವ ಗ್ರೀಕ್ ಅಕ್ಷರ ಮ್ಯೂ (µ), ಕಂಪ್ಯೂಟರಿಗೆ ಮಾತ್ರ ಬರಿಯ 'm'. ಫಾಂಟ್ ಹೋದದ್ದೇ ಮೈಕ್ರೋಗ್ರಾಂಗಳೆಲ್ಲ ಮಿಲಿಗ್ರಾಂ ಆಗಿ, ಸಾವಿರ ಪಟ್ಟು ಬೆಳೆದಿದ್ದವು. ಪೆನ್‌ಡ್ರೈವಿನಲ್ಲಿದ್ದ ನನ್ನ ಮೂಲ ಪ್ರತಿಯನ್ನು ತೆರೆದು ತೋರಿಸಿದೆ. ದೊಡ್ಡಪ್ಪ ಪರದೆಗೆ ಬೆರಳು ತಾಗಿಸಿ ನೋಡಿದರು.

"ಈ ಬಾಲ ಇದ್ರೆ ಕುಡಿಯಬಹುದು?"

"ಧಾರಾಳ ಕುಡಿಯಬಹುದು ದೊಡ್ಡಪ್ಪ."

"ಎಂತ ಮಗಾ, ಒಂದು ಬಾಲಕ್ಕೆ ನನ್ನ ಜೀವ ಹೋಗುದರಲ್ಲಿತ್ತು!"

ಅಕ್ಕ ನಕ್ಕರು. ನನಗೂ ನಗು ಬಂತು. ತಪ್ಪಾದ ಒಂದೊಂದೇ 'm' ಅಳಿಸಿ, ಚಿಹ್ನೆಗಳ ಪಟ್ಟಿಯಿಂದ ನಿಜವಾದ ಮ್ಯೂ ತಂದು ಕೂರಿಸಿದೆ, ಆಲ್ಫಾಗಳನ್ನೂ. ಪಿಡಿಎಫ್ ಮಾಡಿಸಿ, ಪ್ರತಿ ಪುಟವನ್ನು ಪರದೆಯಲ್ಲೇ ಓದಿದ ಮೇಲೆ ಮುದ್ರಿಸಲು ಹೇಳಿದೆ.

ದೊಡ್ಡಪ್ಪ ತಮ್ಮ ಬಾವಿಯಿರುವ ಪುಟದ ಇನ್ನೊಂದು ಪ್ರತಿ ಕೇಳಿದರು, ಆಚೆಮನೆಯವರಿಗೆ ತೋರಿಸಲಿಕ್ಕೆ. ಕೊಡುವ ಮೊದಲು ಅಂಕಿಯ ಪಕ್ಕದಲ್ಲಿ ಪೆನ್ನಿನಿಂದ 'ಮೈಕ್ರೋಗ್ರಾಂ' ಎಂದು ಕನ್ನಡದಲ್ಲಿ ಪೂರ್ತಿಯಾಗಿ ಬರೆದೆ.