ಕಸ್ತೂರೆಮ್ಮ ಮಾಡಿದ ಬೀಗರು

ಮಸ್ಕಿಯ ಕಸ್ತೂರೆಮ್ಮ ಯಾರ ಮುಖವನ್ನಾದರೂ ಕಣ್ಣಿಟ್ಟು ನೋಡಿದಳೆಂದರೆ ಆ ಮನುಷ್ಯನ ಮರ್ಯಾದೆ ಮುಗಿದಂತೆಯೇ. ಮೂರನೆಯ ದಿನಕ್ಕೆ ಅವನು ಗೇಣುದ್ದದ ಪ್ಲಾಸ್ಟಿಕ್ ಗೊಂಬೆಯಾಗಿ ಅವಳ ಗಂಡ ದೊಡ್ಡಬಸಪ್ಪನ ಅಂಗಡಿಯ ಗಾಜಿನ ಕಪಾಟಿನಲ್ಲಿ ನಿಂತಿರುತ್ತಿದ್ದ. ಪಕ್ಕದ ಸೈಕಲ್ ಅಂಗಡಿ ನನ್ನದು. ಅವಳು ಬಳಿಯುತ್ತಿದ್ದ ಬಣ್ಣವೆಲ್ಲ ನಾನು ಸೈಕಲ್ಲಿಗೆಂದು ತಂದಿಟ್ಟದ್ದು. ಹಾಗಾಗಿ ಈ ಪಾಪದಲ್ಲಿ ನನಗೂ ಪಾಲಿದೆ.

ಶುರುವಾದದ್ದು ಎಂಬತ್ತಾರರಲ್ಲಿ. ಬಳೆ, ರಿಬ್ಬನ್ನು, ಆಟದ ಸಾಮಾನು ಮಾರುತ್ತಿದ್ದ ದೊಡ್ಡಬಸಪ್ಪ ಹೈದರಾಬಾದಿನಿಂದ ಒಂದು ಚೀಲ ಪ್ಲಾಸ್ಟಿಕ್ ಸಿಪಾಯಿಗಳನ್ನು ತಂದ. ಬಿಚ್ಚಿ ನೋಡಿದರೆ ಒಂದಕ್ಕೂ ಬಣ್ಣವಿಲ್ಲ. ಮೈ, ಟೊಪ್ಪಿಗೆ, ಬಂದೂಕು ಎಲ್ಲವೂ ಬೇಯಿಸಿದ ಗೆಣಸಿನ ಹಾಗೆ ಒಂದೇ. ಯಾವ ಮಗುವೂ ಮುಟ್ಟಲಿಲ್ಲ. ಕಸ್ತೂರೆಮ್ಮ ಒಂದಕ್ಕೆ ಉಗುರುಬಣ್ಣದಿಂದ ತುಟಿ ಬರೆಯಲು ಹೋದಳು. ಅಗ್ಗದ ಪ್ಲಾಸ್ಟಿಕ್ಕು, ಬಣ್ಣ ತಾಗಿದ್ದೇ ಕರಗಿ ಮೂಗು ಜೋತುಬಿತ್ತು. ಬೇರೆಯವರಾಗಿದ್ದರೆ ಬಿಸಾಕುತ್ತಿದ್ದರು. ಇವಳು ತಿರುಗಿಸಿ ಮುರುಗಿಸಿ ನೋಡಿ, "ಅಯ್ಯ, ನಮ್ಮ ಪೋಸ್ಟ್‌ಮನ್ ಸೂಗಪ್ಪ ಬಂದಾನ ನೋಡ್ರಿ!" ಎಂದು ಬಿದ್ದು ಬಿದ್ದು ನಕ್ಕಳು. ಬಂದೂಕು ಕತ್ತರಿಸಿ ಹೆಗಲಿಗೊಂದು ಚೀಲ ತೂಗುಹಾಕಿದಳು. ಸೂಗಪ್ಪ ತಾನೇ ಬಂದು ನೋಡಿ, ಮೂಗು ಮುಟ್ಟಿಕೊಂಡು ಹೋದ.

ಆಮೇಲೆ ಅವಳ ಕೈ ನಿಲ್ಲಲೇ ಇಲ್ಲ. ಚಿಮಣಿ ದೀಪದ ಮೇಲೆ ಕಾಸಿ ಕೈಕಾಲು ಬಗ್ಗಿಸುವಳು, ಮೇಣ ಮೆತ್ತಿ ಹೊಟ್ಟೆ ಬರಿಸುವಳು, ಕಸಬರಿಗೆ ಕಡ್ಡಿಯ ತುದಿಯಿಂದ ಕಣ್ಣು ಬರೆಯುವಳು.

ನಮ್ಮ ಕಡೆ ಮದುವೆಯಲ್ಲಿ ಗಂಡಿನವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಹಾಡು ಹಾಡಿ ಬೀಗರ ಮಾನ ಹರಾಜು ಹಾಕುವುದು ರೂಢಿ. ಸಿಟ್ಟಾದವನು ಸೋತ. ಕಸ್ತೂರೆಮ್ಮನಿಗೆ ಹಾಡಲು ಬಾರದು. ಅವಳು ಬೀಗರ ಎಲೆಯ ಪಕ್ಕ ಬೀಗರದೇ ಗೊಂಬೆ ಇಟ್ಟು ಕೈಕಟ್ಟಿ ನಿಲ್ಲುತ್ತಿದ್ದಳು. ತುರ್ವಿಹಾಳದ ಬೀಗ ಬಾಯಿ ತೆರೆದು ನಿದ್ದೆ ಹೊಡೆಯುವುದು, ಸಿಂಧನೂರಿನ ರೈಸ್‌ಮಿಲ್ ಸಾಹುಕಾರನ ಹೊಟ್ಟೆ ಅವನಿಗಿಂತ ಮುಂದೆ ನಡೆಯುವುದು, ಎಲ್ಲ ಗೊಂಬೆಯಾದವು. ಗುರುಗುಂಟಾದ ಒಬ್ಬ ಬೀಗನಂತೂ ತನ್ನ ಗೊಂಬೆಯನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಹೆಂಡತಿಯನ್ನು ನಿಲ್ಲಿಸಿಕೊಂಡು ಊರಿಗೆ ಹೋದ. ಊರೂರಿನಿಂದ ಹೆಣ್ಣಿನ ಕಡೆಯವರು ಅವಳನ್ನು ಹುಡುಕಿಕೊಂಡು ಬರತೊಡಗಿದರು.

ತೊಂಬತ್ತನಾಲ್ಕರಲ್ಲಿ ಅವಳ ಒಬ್ಬಳೇ ಮಗಳು ಶೇಖರಮ್ಮನಿಗೆ ಲಿಂಗಸುಗೂರಿನ ಸಂಬಂಧ ಕೂಡಿತು. ಹುಡುಗ ಒಳ್ಳೆಯವನು. ಹುಡುಗನ ಅಪ್ಪ ಅಮರಗುಂಡಪ್ಪನಿಗೆ ಮಾತ್ರ ಸಿಟ್ಟು ಮೂಗಿನ ತುದಿಯಲ್ಲೇ. ಚಿನ್ನದ ಗಣಿಯ ಹಟ್ಟಿ ಊರಲ್ಲಿ ಕಂಡಕ್ಟರ್ ತನ್ನನ್ನು ನೋಡಿ ನಕ್ಕನೆಂದು ಬಸ್ಸಿಳಿದು, ಬಿಸಿಲಲ್ಲಿ ಲಿಂಗಸುಗೂರಿನ ತನಕ ನಡೆದುಬಂದ ಆಸಾಮಿ.

ದೊಡ್ಡಬಸಪ್ಪ ಹೆಂಡತಿಯಿಂದ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡ. "ಒಂದ ಗೊಂಬಿ ಕಂಡ್ರೂ ನಿನ್ನ ಮಗಳು ಜಲ್ಮಪೂರ್ತಿ ಆ ಮನ್ಯಾಗ ಅನ್ನಿಸ್ಕೊಂತಾಳ, ತಿಳ್ಕೊ."

ಮಗಳ ಬಾಳೆಂದರೆ ಯಾವ ತಾಯಿ ಹಟ ಹಿಡಿದಾಳು? ಒಪ್ಪಿಕೊಂಡಳು. ಆದರೆ ಮದುವೆಯ ತಯಾರಿ ನಡೆದ ಒಂದೂವರೆ ತಿಂಗಳು ನನ್ನ ಅಂಗಡಿಯ ಮುಂದೆ ಬಂದು ಬಣ್ಣದ ಡಬ್ಬಿಗಳನ್ನು ನೋಡಿ ಸುಮ್ಮನೆ ಹೋಗುತ್ತಿದ್ದಳು. ನನಗೆ ದೊಡ್ಡಬಸಪ್ಪನ ಮೇಲೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ಬೀಗರನ್ನು ಮಾಡಿಕೊಟ್ಟವಳು ತನ್ನ ಮಗಳ ಮದುವೆಯಲ್ಲಿ ಬರೀ ಪಲ್ಯ ಬಡಿಸಬೇಕೆ?

ಮದುವೆಯ ದಿನ ಅಕ್ಕಿಕಾಳು ಬಿದ್ದವು. ಮಠದ ಅಂಗಳದಲ್ಲಿ ಬೀಗರ ಪಂಕ್ತಿ ಕೂತಿತು. ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ ಬಂತು. ಅಮರಗುಂಡಪ್ಪ ಎಲೆಯ ಎಡಗಡೆ ನೋಡಿದ, ಬಲಗಡೆ ನೋಡಿದ, ನೀರಿನ ತಂಬಿಗೆ ಸರಿಸಿ ಅದರ ಹಿಂದೆಯೂ ನೋಡಿದ. ಆಮೇಲೆ ಎಲೆ ಬಿಟ್ಟು ಎದ್ದೇಬಿಟ್ಟ.

"ತುರ್ವಿಹಾಳದವರಿಗೆ ಗೊಂಬಿ, ಸಿಂಧನೂರವರಿಗೆ ಗೊಂಬಿ. ನಾವೇನು ನಗಾಕೂ ಲಾಯಕ್ ಇಲ್ಲೇನ್ರಿ?" ಮೀಸೆ ಮುಟ್ಟಿ ತೋರಿಸಿದ. "ಲಿಂಗಸುಗೂರು ತುಂಬ ಹೇಳ್ಕೊಂಡು, ಮೀಸಿ ತಿದ್ದಿಸ್ಕೊಂಡು ಬಂದೀನಿ. ಗೊಂಬಿ ಬರೂತನಕ ನಮ್ಮವ್ರು ಒಬ್ರೂ ಎಲಿ ಮುಟ್ಟಂಗಿಲ್ಲ!"

ಇಷ್ಟು ಹೇಳಿ ಕಂಬಕ್ಕೊರಗಿ ಕೂತು, ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡ.

ಆಣೆ ಹಾಕಿಸಿದ ಗಂಡಸು ಈಗ ಹೆಂಡತಿಯ ಹತ್ತಿರ ಓಡಿಬಂದ. "ಏನ್ ನೋಡಾಕತ್ತಿ? ಲಗೂನ ಮಾಡ!"

ನಾನು ಅಂಗಡಿಗೆ ಓಡಿ ಒಂದು ಸಿಪಾಯಿ, ಬಣ್ಣದ ಡಬ್ಬಿ, ಬ್ಲೇಡು, ಕಡ್ಡಿ ಎಲ್ಲ ತಂದೆ. ಅಡುಗೆಯ ಒಲೆಯ ಹತ್ತಿರ ಕೂತಿದ್ದ ಕಸ್ತೂರೆಮ್ಮನ ಕಣ್ಣಲ್ಲಿ ನೀರು.

"ಅಣ್ಣಾ, ನಾ ಅವರ ಮುಖಾನ ನೋಡಿಲ್ಲ. ನೋಡಿದ್ರ ಕೈ ಸುಮ್ನಿರಂಗಿಲ್ಲಂತ, ಮನಿಗೆ ಬಂದಾಗೆಲ್ಲ ತಲಿ ಬಗ್ಗಿಸಿ ನೆಲಾನ ನೋಡೀನಿ."

ಟವೆಲ್ ತೆಗೆಯಿರಿ ಎಂದು ಅವನಿಗೆ ಹೇಳುವ ಧೈರ್ಯ ಮಠದ ಸ್ವಾಮಿಗಳಿಗೂ ಇರಲಿಲ್ಲ. ಎಲೆಯ ಮೇಲೆ ಹುಗ್ಗಿ ಆರತೊಡಗಿತು. ಕಸ್ತೂರೆಮ್ಮ ಕಣ್ಣೊರೆಸಿಕೊಂಡು ಕೆಂಡದಲ್ಲಿ ಬ್ಲೇಡು ಕಾಸಿದಳು. ಸಿಪಾಯಿಯ ಬೂಟುಗಳನ್ನು ಕೆತ್ತಿ ಹತ್ತು ಬೆರಳು ಬಿಡಿಸಿದಳು. ಮೊಣಕಾಲಿನಿಂದ ಕೆಳಗಷ್ಟೇ ಕೆಲಸ. ಅರ್ಧ ತಾಸಿನ ಮೇಲೆ ಗೊಂಬೆಯನ್ನು ಒಯ್ದು ಅವನ ಎಲೆಯ ಪಕ್ಕ ಇಟ್ಟಳು.

ಅಮರಗುಂಡಪ್ಪ ಟವೆಲ್ ಸರಿಸಿ, ಎಲೆಗೆ ಮರಳಿ ಕೂತು ಗೊಂಬೆಯನ್ನು ಎತ್ತಿಕೊಂಡ. ಮುಖ ಬೋಳು, ಒಂದು ಗೆರೆಯೂ ಇಲ್ಲ. ಕೆಳಗೆ ನೋಡಿದರೆ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿದೆ, ಅದಕ್ಕೆ ತಾಮ್ರದ ತಂತಿಯ ಉಂಗುರ, ಎಡಗಾಲು ಬಲಗಾಲನ್ನು ಉಜ್ಜುತ್ತಿದೆ. ಅವನು ತನ್ನ ಕಾಲು ನೋಡಿಕೊಂಡ. ಅವೂ ಆಗ ಒಂದನ್ನೊಂದು ಉಜ್ಜುತ್ತಿದ್ದವು.

ಆಮೇಲೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಕಡೆಯವರು ಅವನ ನಗು ಕೇಳಿದ್ದು ಅದೇ ಮೊದಲಿರಬೇಕು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಾಲು ನಂದ ಐತಿ. ಮುಖ ಯಾಕ ಬರೀಲಿಲ್ಲ ಬೀಗ್ತೇರ?"

"ನೋಡಾಕ ಹೆದರಿಕಿ ಆತ್ರಿ," ಎಂದಳು ಕಸ್ತೂರೆಮ್ಮ. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು.

ನಗು ನಿಂತಿತು. ಅಮರಗುಂಡಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಂಡನ ಪಕ್ಕ ತಲೆ ತಗ್ಗಿಸಿ ಕೂತಿದ್ದ ಶೇಖರಮ್ಮ ಬಾಸಿಂಗ ಸರಿಮಾಡಿಕೊಂಡು ಕೈ ಚಾಚಿದಳು.

"ಕಡ್ಡಿ ಇತ್ತ ಕೊಡಬೇ ಯವ್ವಾ. ಇನ್ಮ್ಯಾಲ ಆ ಮುಖ ದಿನಾ ನೋಡಾಕಿ ನಾನು."

ಆ ಹುಡುಗಿ ಅವತ್ತಿನ ತನಕ ಒಂದು ಗೊಂಬೆಗೂ ಬಣ್ಣ ಹಚ್ಚಿದವಳಲ್ಲ. ಕಸ್ತೂರೆಮ್ಮ ಕಡ್ಡಿಯನ್ನು ಕರಿ ಬಣ್ಣದಲ್ಲಿ ಅದ್ದಿ ಕೊಟ್ಟಳು, ಕೊಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಗಳನ್ನು ಕಳಿಸಿಕೊಡುವ ಸಂಕಟಕ್ಕೋ, ಮಗಳು ಹೆದರಲಿಲ್ಲವೆಂಬ ಸಂತೋಷಕ್ಕೋ, ಎರಡಕ್ಕೂ ಇರಬೇಕು.

ಶೇಖರಮ್ಮ ಎದ್ದು ಬಂದು ಮಾವನ ಎದುರು ಕೂತಳು. ಗೊಂಬೆಯನ್ನು ಮೊಣಕಾಲಿಗೆ ಆನಿಸಿಕೊಂಡು ಅವನ ಮುಖವನ್ನೇ ದಿಟ್ಟಿಸಿ ನೋಡಿದಳು.

"ಅಲ್ಲಾಡಬ್ಯಾಡ್ರಿ ಮಾವಾರ," ಎಂದಳು.

ಅಮರಗುಂಡಪ್ಪ ಅಲ್ಲಾಡಲಿಲ್ಲ.