ಒಂದು ದಿನವೂ ತಪ್ಪದ ಹಾಜರಿ

ಹೋದ ಬೇಸಿಗೆಯ ಒಂದು ಸೋಮವಾರ, ಬೆಳಗ್ಗೆ ಹತ್ತರ ಸುಮಾರಿಗೆ, ನಾನು ಕಡಯಂಪಟ್ಟಿಯ ಆಚೆ ಕನ್ನಡ ಮಾತಿನ ಕುರುಬರ ಒಂದು ಕುರಿದೊಡ್ಡಿಯ ಬೇಲಿಯ ಹೊರಗೆ ನಿಂತಿದ್ದೆ. ಒಳಗಿನಿಂದ ನನ್ನದೇ ದನಿ ಕೇಳಿಸುತ್ತಿತ್ತು.

ಸೇಲಂನ ಕಾಲೇಜೊಂದರಲ್ಲಿ ನಾನು ಲೆಕ್ಕಶಾಸ್ತ್ರದ ಮೇಷ್ಟರು. ಆನ್‌ಲೈನ್ ಪಾಠಗಳನ್ನು ಮೊದಲೇ ರೆಕಾರ್ಡ್ ಮಾಡಿಡುತ್ತೇವೆ. ಮಕ್ಕಳು ತೂಕಡಿಸದಿರಲೆಂದು ನಡುನಡುವೆ ಟಿಣ್ ಎಂದು ಹಸಿರು ಬಟನ್ ಮೂಡುತ್ತದೆ, ಒತ್ತಿದರೆ ಹಾಜರಿ. ನನ್ನ ಪಾಠ ಕೇಳುತ್ತ ನಾನೇ ಆಕಳಿಸಿದ್ದುಂಟು, ಆದರೆ ಮಾದೇವಿ ಎಂಬ ಹುಡುಗಿ ಒಂದು ಬಟನ್ನನ್ನೂ ತಪ್ಪಿಸಿರಲಿಲ್ಲ. ಒಂದು ಟೆಸ್ಟನ್ನೂ ಬರೆದಿರಲಿಲ್ಲ. ಅದೇಕೆಂದು ತಿಳಿಯಲು ಸಹೋದ್ಯೋಗಿ ಸೆಲ್ವಿ ಮೇಡಂ ಜೊತೆ ಅವಳ ಮನೆ ಹುಡುಕಿಕೊಂಡು ಹೋಗಿದ್ದೆ.

ಬೇಲಿಯಾಚೆ ಒಬ್ಬ ಅಜ್ಜಿ, ತೊಡೆಯ ಮೇಲೆ ಕುರಿಮರಿ, ಎದುರಿಗೆ ಕಲ್ಲಿಗೆ ಆನಿಸಿದ ಫೋನು. ಟಿಣ್ ಎಂದಿತು. ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು. ಸುತ್ತ ಕುರಿಗಳು ಮೆಲುಕು ಹಾಕುತ್ತಿದ್ದವು. ಇಷ್ಟು ಶಾಂತವಾದ ತರಗತಿ ನನಗೆ ಎಂದೂ ಸಿಕ್ಕಿರಲಿಲ್ಲ.

ನಾನು ಯಾರೆಂದು ಹೇಳಿದೆ. ಅವಳು ಫೋನನ್ನೂ ನನ್ನನ್ನೂ ನೋಡಿದಳು.

“ಅಯ್, ನೀವೇನಾ! ಇದ್ರಾಗೆ ಬೋ ದಪ್ಪ ಕಾಣ್ತೀರ.”

“ಮಾದೇವಿ ಎಲ್ಲಿ ಅಜ್ಜಿ?”

“ಅವ್ರಪ್ಪ ಬಿದ್ದು ಸೊಂಟ ಮುರ್ಕಂಡ್ನಲ್ಲ, ನೂಲ್ ಮಿಲ್ಲಿಗೆ ಓಯ್ತಾಳೆ. ಕ್ಲಾಸ್ ತಪ್ಪಬಾರ್ದು ಅಂತ ನಾನೇ ಒತ್ತೀನಿ. ಒಂದಿನಾನೂ ಬುಟ್ಟಿಲ್ಲ ಸಾರ್. ನನ್ ಮೊಮ್ಮಗ್ಳು ಪಾಸಾಯ್ತಾಳಲ್ವಾ?”

“ನೋಡೋಣ” ಎಂದೆ. ಸೆಲ್ವಿ ಮೇಡಂ ಮುಖ ತಿರುಗಿಸಿ, “ಪೋಲಾಂ ಸಾರ್” ಎಂದರು. ಹೊರಟೆವು.

ಮನೆಯ ಕಷ್ಟದಿಂದ ತರಗತಿ ತಪ್ಪಿದವರಿಗೆ ನಮ್ಮಲ್ಲಿ ಮತ್ತೊಮ್ಮೆ ಪಾಠ, ಮತ್ತೊಮ್ಮೆ ಟೆಸ್ಟ್ ಉಂಟು. ಮಾದೇವಿಯ ಹಾಜರಿ ಪೂರ್ತಿ ಇದ್ದುದರಿಂದ ಅವಳಿಗೆ ಅದು ಸಿಗದು ಎಂದರು ಕಾಲೇಜಿನವರು. ನಾವು ನಿಜ ಹೇಳಿದೆವು. ಬೇರೆಯವರು ಒತ್ತಿದ್ದು ಮೋಸ ಎಂದು ಅವಳ ಹೆಸರನ್ನೇ ತೆಗೆದರು. ಅಜ್ಜಿಗೆ ಅಷ್ಟು ನಿಷ್ಠೆ ಇಲ್ಲದಿದ್ದರೆ ಮೊಮ್ಮಗಳು ಉಳಿಯುತ್ತಿದ್ದಳು. ಇದನ್ನು ಯಾವ ಬಾಯಲ್ಲಿ ಹೇಳುವುದು, ನೀವೇ ಹೇಳಿ.

ಮಿಲ್ಲಿನ ಫೋನಿಗೆ ಮಾಡಿ ಮಾದೇವಿಗೆ ತಿಳಿಸಿದೆ. ಹಿಂದೆ ಮಿಲ್ಲಿನ ಸದ್ದು. ಅವಳು ಅಳಲಿಲ್ಲ. “ಅಜ್ಜಿಗೆ ಮಾತ್ರ ಯೇಳ್ಬ್ಯಾಡಿ ಸಾರ್” ಎಂದಳು.

ಆನ್‌ಲೈನ್ ಪಾಠವನ್ನು ಚಂದಗಾಣಿಸಲು ಈ ವಾರ ಮತ್ತೆ ಸಭೆ ಕರೆದಿದ್ದರು. ಎಲ್ಲರೂ ಮಾತಾಡಿದರು. ನಾನು ಹಾಜರಿಗೆ ಸಹಿ ಹಾಕಿ ಎದ್ದು ಬಂದೆ.

ಅಂದು ನನ್ನ ಜೊತೆ ನಿಂತು ಕಂಡ ಸೆಲ್ವಿ ಮೇಡಂ ಈಗ ಧರ್ಮಪುರಿಯಲ್ಲಿದ್ದಾರೆ. ಅಜ್ಜಿಯೂ ಇದ್ದಾಳೆ, ಕಾಲೇಜಿಗೆ ರಜೆ ಎಂದು ನಂಬಿಕೊಂಡು.