ನಾಟಕಕಾರರ ಅಂಗೈ

ನಮ್ಮ ಬೀದಿಯ ನಾಟಕಕಾರರು ಯಾರಾದರೂ ಜಗಳವಾಡುವುದನ್ನು ಕಂಡರೆ ಬಿಡಿಸಲು ಹೋಗುವುದಿಲ್ಲ, ಪಕ್ಕಕ್ಕೆ ನಿಂತು ಕಿವಿಗೊಡುತ್ತಾರೆ. ಒಳ್ಳೆಯ ಮಾತೊಂದು ಬಿದ್ದರೆ ಸಾಕು, ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಳ್ಳುತ್ತಾರೆ. ಆಮೇಲೆ ಅದು ಅಳಿಸೀತೆಂದು ಯಾರ ಕೈಯನ್ನೂ ಕುಲುಕುವುದಿಲ್ಲ. ನಾಟಕ ಕಲಿಸಿದವರು ಯಾರು ಎಂದು ಕೇಳಿದರೆ ಆಸ್ಪತ್ರೆಯ ಸಾಲು, ದರ್ಜಿ ಅಂಗಡಿ, ಬಸ್ಸಿನ ಹಿಂದಿನ ಸೀಟು ಎನ್ನುತ್ತಾರೆ. "ನನ್ನ ನಾಟಕ ನೋಡೋರಿಗೆ ಪಕ್ಕದ ಮನೆ ಗೋಡೆಗೆ ಕಿವಿ ಇಟ್ಟ ಹಾಗಿರಬೇಕು. ನನಗಿರೋದು ಅದೊಂದೇ ಆಸೆ." ಆ ಆಸೆ ಒಮ್ಮೆ ಈಡೇರಿತು. ತಮ್ಮ ತಾಯಿ ತೀರಿಕೊಂಡ ದಿನ ಅವರ ಹೆಂಡತಿ ಅಡುಗೆಮನೆ ಬಾಗಿಲಿಗೆ ಒರಗಿ, "ಇನ್ನು ನನ್ನನ್ನ ಬೈಯೋರೇ ಇಲ್ಲ" ಎಂದು ಅತ್ತಿದ್ದರು. ಅದೇ ಮಾತನ್ನು ರಂಗದ ಮೇಲೆ ನಟಿಯೊಬ್ಬಳು ಹೇಳಿದಾಗ ಸಭಾಂಗಣವಿಡೀ ಚಪ್ಪಾಳೆ ತಟ್ಟಿತು. ಹೆಂಡತಿ ಮೊದಲ ಸಾಲಿನಿಂದ ಎದ್ದು ಹೊರಟುಬಿಟ್ಟರು. ಅಂದಿನಿಂದ ಆಕೆ ಗಂಡನೆದುರು ಅಳೆದು ತೂಗಿ ಮಾತಾಡುತ್ತಾರೆ: ಹಾಲು ಬಂತು, ಕರೆಂಟು ಹೋಯಿತು, ಅಷ್ಟೇ. ಫೋನಿನಲ್ಲಿ ತಂಗಿಯ ಜೊತೆ ನಗುತ್ತಿದ್ದವರು ಇವರ ಚಪ್ಪಲಿ ಸದ್ದು ಕೇಳಿದೊಡನೆ "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಾರೆ. ಈಗ ಇವರು ಮನೆಯೊಳಕ್ಕೆ ಪೆನ್ನನ್ನೇ ತರುವುದಿಲ್ಲ. ಮೊನ್ನೆ ನಾನು ಅಲ್ಲಿದ್ದಾಗಲೇ ಬಚ್ಚಲಿನಿಂದ ಬಂದು ಹೆಂಡತಿಯ ಮುಂದೆ ಎರಡೂ ಒದ್ದೆ ಅಂಗೈಗಳನ್ನು ಚಾಚಿದರು. "ನೋಡು, ಎಲ್ಲಾ ತೊಳ್ಕೊಂಡು ಬಂದಿದೀನಿ. ಏನಾದ್ರೂ ಮಾತಾಡೆ." ಆಕೆ ಆ ಕೈಗಳನ್ನು ನೋಡಿ, "ತೊಳೆದಾಗಿದ್ರೆ ಊಟಕ್ಕೆ ಕೂತ್ಕೊಳ್ಳಿ" ಎಂದರು.